ಬಡಗಿಯ ಕೂಲಿ, ಶ್ರಾವಕನ ವ್ರತ

ತಕ್ಕಡಿಯ ವಿಷಯದಲ್ಲಿ ವ್ಯಾಪಾರವೃತ್ತಿಯ ಶ್ರಾವಕರಾದ ನಮಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಕಡಿಮೆ ತೂಗಿ ಕೊಡುವುದೂ ಹೆಚ್ಚು ತೂಗಿ ಕೊಳ್ಳುವುದೂ ಅಚೌರ್ಯಾಣುವ್ರತದ ಅತಿಚಾರವೆಂಬುದನ್ನು, ಅದಕ್ಕೆ ಹೀನಾಧಿಕಮಾನೋನ್ಮಾನವೆಂದು ಹೆಸರೆಂಬುದನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಅಂಗಡಿಯಲ್ಲಿ ಮಾರುವಾಗ ಎಚ್ಚತ್ತಿರುವ ಈ ವ್ರತವು ಕೊಳ್ಳುವಾಗ ತೂಕಡಿಸುತ್ತದೆ. ಅದರಲ್ಲಿಯೂ ಒಬ್ಬ ಬಡಗಿಯಿಂದ, ಅವರು ಹಿಂದೆಂದೂ ಮಾಡಿರದ ಕೆಲಸವೊಂದನ್ನು ಮಾಡಿಸಿಕೊಳ್ಳುವಾಗ, ಅದು ಗಾಢನಿದ್ರೆಗೆ ಹೋಗುತ್ತದೆ. ಅಲ್ಲಿ ತಕ್ಕಡಿಯೇ ಇಲ್ಲವಲ್ಲ, ತೂಕದಲ್ಲಿ ಮೋಸವೆಲ್ಲಿಂದ ಬಂತು ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ.

ತಕ್ಕಡಿ ಇದೆ ಎಂಬುದೇ ಈ ಲೇಖನದ ವಾದ. ಮಾಡುವವನಿಗೂ ಮಾಡಿಸುವವನಿಗೂ ಗೊತ್ತಿಲ್ಲದ ಕೆಲಸಕ್ಕೆ ಮುಂಚಿತವಾಗಿಯೇ ಒಂದೇ ಅಂಕಿಯನ್ನು ಹೇಳಿಸಿ, ಆ ಅಂಕಿಗೆ ಬಡಗಿಯನ್ನು ಕಟ್ಟಿಹಾಕಿ, ಗೊತ್ತಿಲ್ಲದುದರ ನಷ್ಟವನ್ನೆಲ್ಲ ಅವರ ಹೆಗಲಿಗೆ ಹೊರಿಸುವ ಪದ್ಧತಿಯು ನಮ್ಮ ಮನೆಗಳಲ್ಲಿಯೂ ಬಸದಿಗಳ ಟ್ರಸ್ಟುಗಳಲ್ಲಿಯೂ ‘ಜಾಣ ವ್ಯವಹಾರ’ವೆಂದು ನಡೆದುಬಂದಿದೆ. ಇದು ಜಾಣತನವಲ್ಲ, ವ್ರತಭಂಗ. ಇದನ್ನು ಹೇಳಲು ನನಗಿರುವ ಅಧಿಕಾರವೆಂದರೆ ಇಂಥ ಒಂದು ವ್ಯವಹಾರದ ಲೆಕ್ಕವನ್ನು ಸ್ವತಃ ನನ್ನ ಕೈಯಿಂದಲೇ ಬರೆದದ್ದು.

ನಡೆದ ಸಂಗತಿ

ನಾನು ಕೋಶಾಧಿಕಾರಿಯಾಗಿರುವ ಒಂದು ಟ್ರಸ್ಟಿನಲ್ಲಿ ಹಳೆಯ ಓಲೆಗರಿಯ ಕಟ್ಟುಗಳಿವೆ. ಅವು ಬಹುಕಾಲ ಕಬ್ಬಿಣದ ಬೀರುವೊಂದರಲ್ಲಿ ಒಂದರ ಮೇಲೊಂದು ಒಟ್ಟಿಕೊಂಡಿದ್ದವು. 2022ರ ದೀಪಾವಳಿಯ ನಂತರದ ಸಭೆಯಲ್ಲಿ, ಮುಂದಿನ ಶ್ರುತಪಂಚಮಿಯ ವೇಳೆಗೆ ಅವುಗಳಿಗೊಂದು ಮರದ ಕಪಾಟನ್ನು ಮಾಡಿಸಬೇಕೆಂದು ನಿರ್ಣಯಿಸಿದೆವು. ಹದಿನೆಂಟು ಡ್ರಾಯರುಗಳು ಇರಬೇಕು. ಕಟ್ಟುಗಳು ಒಂದೇ ಅಳತೆಯವಲ್ಲ, ಕೆಲವು ಗೇಣುದ್ದ, ಕೆಲವು ಮೊಳಕ್ಕಿಂತ ಹೆಚ್ಚು. ಆದುದರಿಂದ ಡ್ರಾಯರುಗಳೂ ಬೇರೆಬೇರೆ ಅಳತೆಯವಾಗಬೇಕು. ತೇವಕ್ಕೆ ತುಕ್ಕು ಹಿಡಿಯುವ ಕಬ್ಬಿಣದ ಮೊಳೆ, ಚಾನೆಲ್ ಯಾವುದೂ ಬೇಡ. ಸರೇಸು ಪ್ರಾಣಿಜನ್ಯವಾದ ಅಂಟಾದುದರಿಂದ ಅದು ಸರ್ವಥಾ ಬೇಡ. ಬೇಕಾದರೆ ಫೆವಿಕಾಲ್ ಹಚ್ಚಬಹುದು, ಆದರೆ ಅಂಟಿಲ್ಲದೆಯೂ ನಿಲ್ಲುವಂತೆ ಕೂಡುಗಳು ಬಿಗಿಯಾಗಿರಬೇಕು. ಹೀಗೆ ನಮ್ಮ ಷರತ್ತುಗಳನ್ನು ಬರೆದುಕೊಂಡೆವು.

ತಿರುಮಕೂಡಲು ನರಸೀಪುರದ ಒಬ್ಬ ಬಡಗಿಯನ್ನು ನಂಜನಗೂಡಿಗೆ ಕರೆಸಿ ಕಟ್ಟುಗಳನ್ನು ತೋರಿಸಿದೆವು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪಗಳ ಕೆಲಸದಲ್ಲಿ ಒಳ್ಳೆಯ ಹೆಸರುಳ್ಳವರು. ಅವರು ಕಟ್ಟುಗಳನ್ನು ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಈ ತರದ್ದು ನಾನು ಮಾಡಿಲ್ಲ ಯಜಮಾನ್ರೇ. ಒಂದು ಡ್ರಾಯರು ಮಾಡಿ ನೋಡ್ತೀನಿ, ಆಮೇಲೆ ರೇಟು ಹೇಳ್ತೀನಿ.”

ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನನ್ನ ವ್ಯಾಪಾರಜೀವನದಲ್ಲಿ ಕೇಳಿದ್ದು ಅಪರೂಪ. ಅದಕ್ಕೆ ನಾನೇ ಕೊಟ್ಟ ಉತ್ತರ ಇದು: “ಕಮಿಟಿಗೆ ಅಂಕಿ ಬೇಕು ಆಚಾರ್ರೇ, ಈಗಲೇ ಹೇಳಿ.”

ಅವರು ಬೆರಳೆಣಿಸಿ ಲೆಕ್ಕ ಹಾಕಿದರು. ಮೇಜಿಗೆ ಮಾಡುವ ಡ್ರಾಯರಿನ ಅನುಭವದಿಂದ ಒಂದಕ್ಕೆ ಒಂದೂವರೆ ದಿನ, ಹದಿನೆಂಟಕ್ಕೆ 27 ದಿನ. ಚೌಕಟ್ಟು, ಬಾಗಿಲುಗಳಿಗೆ 23 ದಿನ. ಒಟ್ಟು 50 ದಿನ. ದಿನಕ್ಕೆ ಒಂದು ಸಾವಿರದಂತೆ ಕೂಲಿ 50,000 ರೂಪಾಯಿ. ಮರ ನಮ್ಮದು. ನಮ್ಮ ನಿಯಮದಂತೆ ಇನ್ನೆರಡು ಕೊಟೇಶನ್‌ಗಳನ್ನು ತರಿಸಿದೆವು. ಒಂದು 64,000, ಇನ್ನೊಂದು 80,000. ಎಂಬತ್ತು ಸಾವಿರ ಹೇಳಿದವರು ಮೈಸೂರಿನವರು, ಇಂಥದೇ ಕಪಾಟನ್ನು ಒಮ್ಮೆ ಮಾಡಿದ್ದವರು. ‘ಪೇಟೆಯ ದರ’ ಎಂದು ನಾವು ಅದನ್ನು ಬದಿಗಿಟ್ಟೆವು. ನರಸೀಪುರದವರಿಗೆ 15,000 ರೂಪಾಯಿ ಮುಂಗಡ ಕೊಟ್ಟು ಒಟ್ಟು ಗುತ್ತಿಗೆಯ ಕರಾರು ಮಾಡಿಕೊಂಡೆವು.

2023ರ ಶಿವರಾತ್ರಿ ಕಳೆದ ಮೇಲೆ ಕೆಲಸ ಆರಂಭವಾಯಿತು. ಸಾಮಿಲ್ಲಿನಿಂದ ನಾವು ಕೊಂಡು ಕಳುಹಿಸಿದ ತೇಗದ ಹಲಗೆಗಳು ಚೆನ್ನಾಗಿ ಒಣಗಿರಲಿಲ್ಲ. ಕೀಸಿ ಹದಮಾಡಿದ ಹಲಗೆಯು ವಾರದಲ್ಲಿ ತಿರುಚಿಕೊಳ್ಳುವುದು, ಮತ್ತೆ ಕೀಸುವುದು, ಹೀಗೆ ಚೌಕಟ್ಟಿಗೆ 23 ದಿನಗಳ ಬದಲು 32 ದಿನಗಳು ಹಿಡಿದವು. ಡ್ರಾಯರುಗಳದು ಬೇರೆಯೇ ಕಥೆ. ಅವುಗಳ ಮೂಲೆಗಳಲ್ಲಿ ಡವ್‌ಟೇಲ್ ಕೂಡು ಬೇಕಾಯಿತು. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಒಂದು ಹಲಗೆಯ ಹಲ್ಲುಗಳು ಇನ್ನೊಂದರ ಸಂದುಗಳಲ್ಲಿ ಕುಳಿತುಕೊಳ್ಳಬೇಕು. ಉಳಿಯಿಂದ ಒಂದು ಕೂದಲೆಳೆ ಹೆಚ್ಚು ತೆಗೆದರೆ ಸಡಿಲ, ಕಡಿಮೆ ತೆಗೆದರೆ ಹಲಗೆ ಸೀಳು. ಅಳತೆಗಳು ಬೇರೆಬೇರೆಯಾದುದರಿಂದ ಒಂದರ ಗುರುತು ಇನ್ನೊಂದಕ್ಕೆ ಬಾರದು. ಚಾನೆಲ್ ಇಲ್ಲದ ಡ್ರಾಯರು ಮರದ ಮೇಲೆ ಮರವಾಗಿ ಜಾರಬೇಕು. ಬೇಸಗೆಯಲ್ಲಿ ಸಲೀಸಾಗಿ ಜಾರಿದ್ದು ಮಳೆಗಾಲದಲ್ಲಿ ಊದಿಕೊಂಡು ಸಿಕ್ಕಿಕೊಳ್ಳದಂತೆ ಸಂದು ಬಿಡಬೇಕು. ಒಂದೊಂದು ಡ್ರಾಯರಿಗೆ ಎರಡೂವರೆ ದಿನ ಹಿಡಿಯಿತು.

ಇಷ್ಟರಲ್ಲಿ ನಮ್ಮ ಧರ್ಮದರ್ಶಿಗಳೊಬ್ಬರಿಗೆ, ಡ್ರಾಯರುಗಳು ಹದಿನೆಂಟರ ಬದಲು ಚತುರ್ವಿಂಶತಿ ತೀರ್ಥಂಕರರ ಸಂಖ್ಯೆಗೆ ಸರಿಯಾಗಿ ಇಪ್ಪತ್ತನಾಲ್ಕಾದರೆ ಚೆನ್ನವೆಂದು ತೋರಿತು. ಎಲ್ಲರೂ ಒಪ್ಪಿದೆವು. “ಹೇಗೂ ಮರ ಇದೆಯಲ್ಲ” ಎಂದು ಬಡಗಿಗೆ ಹೇಳಿಕಳುಹಿಸಿದೆವು. ಮರ ಇತ್ತು, ದಿನಗಳು ಎಲ್ಲಿದ್ದವು? ಅದನ್ನು ಯಾರೂ ಕೇಳಲಿಲ್ಲ.

ಶ್ರುತಪಂಚಮಿ ಕಳೆದು ಹದಿನೈದು ದಿನಗಳ ಮೇಲೆ ಕಪಾಟು ಬಂತು. ಅದರ ಸೊಗಸನ್ನು ವರ್ಣಿಸುವುದು ಇಲ್ಲಿಯ ವಿಷಯವಲ್ಲ. ಬಂದವರೆಲ್ಲ ಒಂದೊಂದು ಡ್ರಾಯರನ್ನು ಎಳೆದು ನೋಡಿ ತಲೆದೂಗಿದರು. ಹಬ್ಬ ತಪ್ಪಿತೆಂದು ಸಭೆಯು 2,000 ರೂಪಾಯಿಗಳನ್ನು ಮುರಿದುಕೊಂಡಿತು. ಉಳಿದ 33,000 ರೂಪಾಯಿಗಳನ್ನು ಐದು ತಿಂಗಳು ತಡಮಾಡಿ ದೀಪಾವಳಿಯ ಹಿಂದಿನ ವಾರ ಕೊಟ್ಟೆವು. ವಾರ್ಷಿಕ ಸಭೆಯಲ್ಲಿ ಓದಿದ ನನ್ನ ವರದಿಯಲ್ಲಿ, ಅತಿ ಹೆಚ್ಚಿನ ಕೊಟೇಶನ್‌ಗಿಂತ 32,000 ರೂಪಾಯಿಗಳ ‘ಉಳಿತಾಯ’ವಾಯಿತೆಂದು ಬರೆದಿದ್ದೆ. ಸಭೆ ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆಯ ನಂತರ ಮನೆಯಲ್ಲಿ ಕುಳಿತು ಬಡಗಿಯ ಲೆಕ್ಕವನ್ನೂ ಒಮ್ಮೆ ಬರೆದು ನೋಡಿದೆ. ಇಪ್ಪತ್ತನಾಲ್ಕು ಡ್ರಾಯರುಗಳಿಗೆ 60 ದಿನ, ಚೌಕಟ್ಟಿಗೆ 32 ದಿನ, ಒಟ್ಟು 92 ದಿನ. ಕೈಗೆ ಬಂದದ್ದು 48,000 ರೂಪಾಯಿ, ಅಂದರೆ ದಿನಕ್ಕೆ ಸುಮಾರು 522 ರೂಪಾಯಿ. ಮೂವತ್ತು ವರ್ಷ ಉಳಿ ಹಿಡಿದ ಕೈಗೆ ನಾವು ಅವರ ದಿನಗೂಲಿಯ ಅರ್ಧದಷ್ಟನ್ನು ಕೊಟ್ಟಿದ್ದೆವು. ನಾನು ‘ಉಳಿತಾಯ’ವೆಂದು ಬರೆದದ್ದು ನಮ್ಮ ಜಾಣ್ಮೆಯಿಂದ ಹುಟ್ಟಿದ ಹಣವಲ್ಲ. ಅದು ನರಸೀಪುರದ ಒಂದು ಮನೆಯಿಂದ ನಮ್ಮ ಖಾತೆಗೆ ಬಂದ ಹಣ.

ಕಂಡ ಕೆಲಸ, ಕಾಣದ ಕೆಲಸ

ಬಡಗಿಯ ಕೆಲಸದಲ್ಲಿ ಎರಡು ವಿಧ. ಒಂದು, ನೂರು ಸಲ ಮಾಡಿದ ಕೆಲಸ. ಕಿಟಕಿಯ ಚೌಕಟ್ಟಿಗೆ ಇಷ್ಟು, ಬಾಗಿಲಿಗೆ ಇಷ್ಟು ಎಂದು ದರವು ರೂಢಿಯಿಂದಲೇ ನಿಂತಿರುತ್ತದೆ. ಅಲ್ಲಿ ಒಟ್ಟು ಗುತ್ತಿಗೆಯು ನ್ಯಾಯವಾದದ್ದೇ. ಬೇಗ ಮಾಡಿದರೆ ಲಾಭ ಅವರದು, ತಡವಾದರೆ ನಷ್ಟವೂ ಅವರದೇ. ಇನ್ನೊಂದು, ಎಂದೂ ಮಾಡದ ಕೆಲಸ. ಅದರ ದರವು ಬಡಗಿಯ ತಲೆಯಲ್ಲಿಯೂ ಇಲ್ಲ, ನಮ್ಮ ತಲೆಯಲ್ಲಿಯೂ ಇಲ್ಲ. ಅದು ಮರದೊಳಗೆ ಅಡಗಿದೆ. ಉಳಿ ಹಾಕಿದ ಹೊರತು ಅದು ಹೊರಗೆ ಬಾರದು. ಹಳೆಯ ತೇರಿನ ಚಕ್ರವನ್ನು ಬಿಚ್ಚುವ ಮೊದಲೇ ಒಳಗೆಷ್ಟು ಮರ ಲಡ್ಡಾಗಿದೆಯೆಂದು ಹೇಳಬಲ್ಲವರುಂಟೇ? ಪ್ರತಿವರ್ಷ ತೇರುಗಳನ್ನು ಕಾಣುವ ನಂಜನಗೂಡಿನ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದನ್ನು ಒಪ್ಪುವ ನಿಯಮವು ಸಿಮೆಂಟಿಗೆ ಸರಿ. ಮೂರು ಅಂಗಡಿಗಳಲ್ಲಿಯೂ ಚೀಲದೊಳಗಿರುವುದು ಒಂದೇ ಪದಾರ್ಥ. ಕಾಣದ ಕೆಲಸಕ್ಕೆ ಇದೇ ನಿಯಮವನ್ನು ಹಚ್ಚಿದರೆ ಫಲ ವಿಪರೀತವಾಗುತ್ತದೆ. ಅತಿ ಕಡಿಮೆ ಹೇಳಿದವರು ಅತಿ ಅಗ್ಗದವರಲ್ಲ, ಆ ಕೆಲಸದ ಕಷ್ಟವನ್ನು ಅತಿ ಕಡಿಮೆ ಅರಿತವರು. ನಮ್ಮ ಮೂರು ಅಂಕಿಗಳನ್ನೇ ನೋಡಿರಿ. ಹದಿನೆಂಟು ಡ್ರಾಯರುಗಳಿಗೆ ಎರಡೂವರೆ ದಿನದಂತೆ 45, ಚೌಕಟ್ಟಿಗೆ 32, ಒಟ್ಟು 77 ದಿನ. ಎಂಬತ್ತು ಸಾವಿರ ಕೇಳಿದವರು ದುರಾಶೆಯಿಂದ ಕೇಳಿರಲಿಲ್ಲ, ಕೆಲಸವನ್ನು ಬಲ್ಲವರಾಗಿ ಸತ್ಯವನ್ನೇ ಹೇಳಿದ್ದರು. ಸತ್ಯವನ್ನು ಬದಿಗಿಟ್ಟು ಅಜ್ಞಾನವನ್ನು ಕೊಂಡೆವು, ಕೊಂಡ ಬಳಿಕ ಅದರ ದಂಡವನ್ನು ಮಾರಿದವರಿಂದಲೇ ಕಟ್ಟಿಸಿಕೊಂಡೆವು.

ಮರದ ವ್ಯಾಪಾರವು ಈ ಮಾತಿನಲ್ಲಿ ನಮಗಿಂತ ಉದಾರವಾಗಿದೆ. ದುಂಡು ಮರದ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಹಳೆಯ ಅಳತೆಯನ್ನು ವ್ಯಾಪಾರಿಗಳು ಬಲ್ಲರು. ಈ ಲೆಕ್ಕದಿಂದ ಮರದ ನಿಜವಾದ ಘನ ಅಳತೆಯ ನೂರಕ್ಕೆ ಸುಮಾರು 78½ ಭಾಗ ಮಾತ್ರ ಬರುತ್ತದೆ. ಉಳಿದದ್ದು ಕೊಯ್ಯುವಾಗ ತೊಗಟೆ, ಅಂಚು, ಹೊಟ್ಟುಗಳಾಗಿ ಹೋಗುವ ಭಾಗವೆಂದು ಅಳತೆಯೇ ಮೊದಲು ಬಿಟ್ಟುಕೊಟ್ಟಿದೆ. ಮರವನ್ನು ಕೊಳ್ಳುವವನಿಗೆ ನಷ್ಟದ ಪಾಲನ್ನು ಬಿಟ್ಟುಕೊಡುವ ಲೋಕವು, ಆ ಮರವನ್ನು ಕೆತ್ತುವವನ ದಿನಗಳಲ್ಲಿ ಹೊಟ್ಟಾಗಿ ಹೋಗುವ ಪಾಲನ್ನು ಮಾತ್ರ ಕಾಣದು!

ಒಂದೇ ಹೊರೆ, ಎರಡು ಖಾತೆ

ಇದು ಲೋಕವ್ಯವಹಾರ, ಇದಕ್ಕೆ ಧರ್ಮವನ್ನು ಏಕೆ ತರಬೇಕು ಎನ್ನುವವರಿದ್ದಾರೆ. ತಂದವನು ನಾನಲ್ಲ, ಆಚಾರ್ಯರು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ನಮ್ಮ ಸೀಮೆಯ ಕನಕಗಿರಿಯೊಡನೆ ಪರಂಪರೆಯು ಯಾರ ಹೆಸರನ್ನು ಜೋಡಿಸುತ್ತದೆಯೋ ಆ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ, ನ್ಯಾಯವಾದ ಭಾರಕ್ಕಿಂತ ಹೆಚ್ಚಿನದನ್ನು ಹೊರಿಸುವುದೇ ಅದರ ಅರ್ಥವೆಂದು ಬಿಡಿಸಿದ್ದಾರೆ. ಅದೇ ಪಟ್ಟಿಯ ಕೊನೆಯಲ್ಲಿರುವುದು ಅನ್ನಪಾನನಿರೋಧ. ಕೂಲಿಯನ್ನು ಐದು ತಿಂಗಳು ತಡೆಹಿಡಿದದ್ದಕ್ಕೆ ಬೇರೆ ಹೆಸರನ್ನು ಹುಡುಕುವ ಅಗತ್ಯ ನನಗೆ ಕಾಣದು. ವ್ಯಾಖ್ಯಾನಗಳಲ್ಲಿ ಎತ್ತಿನ ಉದಾಹರಣೆಯಿದೆಯಲ್ಲವೇ ಎಂದರೆ, ಎತ್ತಿಗೆ ಸಲ್ಲುವ ಕರುಣೆಯು ಮನುಷ್ಯನಿಗೆ ಸಲ್ಲದೆಂದು ಹೇಳುವ ಧೈರ್ಯ ಯಾರಿಗಿದೆ?

ಇನ್ನೂ ಗಮನಿಸಬೇಕಾದ ಸಂಗತಿಯೊಂದುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅತಿಭಾರವನ್ನು ಹೊರಿಸುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಹೇಳಿದ್ದಾರೆ, ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಅತಿಭಾರವಾಹನವೆಂದು ಮತ್ತೆ ಹೇಳಿದ್ದಾರೆ. ಲೆಕ್ಕಪತ್ರ ಬಲ್ಲವರಿಗೆ ಇದರ ಮರ್ಮ ಥಟ್ಟನೆ ಹೊಳೆಯುತ್ತದೆ. ಒಂದೇ ಹೊರೆಯು ಎರಡು ಖಾತೆಗಳಲ್ಲಿ ಬರೆಯಲ್ಪಟ್ಟಿದೆ. ಹೊತ್ತವನ ನೋವು ಒಂದು ಖಾತೆ, ಹೊರಿಸಿದವನ ಲೋಭ ಇನ್ನೊಂದು ಖಾತೆ. ನಮ್ಮ ವರದಿಯಲ್ಲಿ ಎರಡನೆಯದು ‘ಉಳಿತಾಯ’ವಾಗಿ ಕಾಣಿಸಿಕೊಂಡಿತು, ಮೊದಲನೆಯದು ಕಾಣಿಸಿಕೊಳ್ಳಲೇ ಇಲ್ಲ. ಮೀಸೆಗೆ ಅಂಟಿದ ಬೆಣ್ಣೆಯನ್ನು ಕೂಡಿಸಿಟ್ಟು ಸಂಪತ್ತಿನ ಕನಸು ಕಾಣುತ್ತ ಆ ಗಡಿಗೆಯಿಂದಲೇ ಬೆಂದುಹೋದ ಶ್ಮಶ್ರುನವನೀತನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ನಮ್ಮ ಮೀಸೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳುವುದು ಒಳಿತು.

ಆದಿತೀರ್ಥಂಕರ ವೃಷಭದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನೆಂದು ಆದಿಪುರಾಣವು ಸಾರುತ್ತದೆ. ವಾಣಿಜ್ಯವನ್ನೂ ಶಿಲ್ಪವನ್ನೂ ಕೊಟ್ಟವನು ಒಬ್ಬನೇ. ಹೀಗಿರುವಲ್ಲಿ ವಾಣಿಜ್ಯದವನು ಗಾದಿಯ ಮೇಲೆ ಕುಳಿತು, ಶಿಲ್ಪದವನು ಬಾಗಿಲಲ್ಲಿ ನಿಂತು ದರ ಒಪ್ಪಿಸಬೇಕೆಂಬ ಕ್ರಮವು ಎಲ್ಲಿಂದ ಬಂತು? ಶಾಸ್ತ್ರದಾನದ ಕೀರ್ತಿಯೂ ಹೀಗೆಯೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ನಾವು ನಿತ್ಯ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆ ಓಲೆಗಳನ್ನು ಕಂಠದಿಂದ ಕೊರೆದ ಕೈಗಳ ಸ್ಮರಣೆ ಮಾತ್ರ ನಮಗೆ ಬಾರದು. ನಮ್ಮ ಕಪಾಟಿನ ಮೇಲೆಯೂ ದಾನಿಗಳ ಹೆಸರಿನ ಹಿತ್ತಾಳೆಯ ಫಲಕವಿದೆ. ಅದರಲ್ಲಿ ಅತಿ ದೊಡ್ಡ ದಾನವನ್ನು, ತಾನು ಮನಸಾರೆ ಕೊಡದ ದಾನವನ್ನು, ಕೊಟ್ಟವರ ಹೆಸರಿಲ್ಲ.

ಪೂರ್ವಪಕ್ಷಗಳು

ಸಭೆಯಲ್ಲಿ ಈ ಮಾತನ್ನು ಎತ್ತಿದಾಗ ನಾಲ್ಕು ಆಕ್ಷೇಪಣೆಗಳು ಬಂದವು. ಅವು ಹಗುರವಾದವುಗಳಲ್ಲ, ಆದುದರಿಂದ ಒಂದೊಂದಾಗಿ ವಿಚಾರಿಸುತ್ತೇನೆ.

“ಅವರೇ ಒಪ್ಪಿದ ದರವಲ್ಲವೇ? ಮಾತು ಎಂದರೆ ಮಾತು.” ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಒಪ್ಪಬೇಕಾದದ್ದನ್ನು ಮೊದಲು ಒಪ್ಪುತ್ತೇನೆ. 1872ರ ಭಾರತೀಯ ಕರಾರು ಕಾಯಿದೆಯ 20ನೆಯ ಸೆಕ್ಷನ್, ಮುಖ್ಯವಾದ ಸಂಗತಿಯೊಂದರ ಬಗೆಗೆ ಎರಡು ಪಕ್ಷಗಳೂ ತಪ್ಪು ತಿಳಿದಿದ್ದರೆ ಕರಾರು ಶೂನ್ಯವೆನ್ನುತ್ತದೆ. ಆದರೆ ಬೆಲೆಯ ಅಂದಾಜಿನಲ್ಲಿ ತಪ್ಪುವುದು ಅಂಥ ತಪ್ಪಲ್ಲವೆಂದೂ ಅಲ್ಲಿಯೇ ವಿವರಿಸುತ್ತದೆ. ಆದುದರಿಂದ ಹದಿನೆಂಟು ಡ್ರಾಯರುಗಳ ಮಟ್ಟಿಗೆ ನ್ಯಾಯಾಲಯವು ನಮ್ಮ ಪಕ್ಷ ವಹಿಸಬಹುದು. ಹೆಚ್ಚಿನ ಆರರ ಮಾತು ಬೇರೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವನು ಅದಕ್ಕೆ ಪ್ರತಿಫಲ ಕೊಡಬೇಕೆಂದು ಅದೇ ಕಾಯಿದೆಯ 70ನೆಯ ಸೆಕ್ಷನ್ ವಿಧಿಸುತ್ತದೆ. ಅದಿರಲಿ, ನಾವು ಅಣುವ್ರತಗಳನ್ನು ತೆಗೆದುಕೊಂಡದ್ದು ಸಿವಿಲ್ ಕೋರ್ಟಿನ ಮುಂದಲ್ಲ. ಕಾಯಿದೆ ಸುಮ್ಮನಾಗುವ ಸ್ಥಳದಲ್ಲಿಯೇ ವ್ರತದ ಕೆಲಸ ಆರಂಭವಾಗುವುದು. ಅಷ್ಟಕ್ಕೂ ಬಡಗಿಯ ಮೊದಲ ಮಾತು ಐವತ್ತು ಸಾವಿರವಾಗಿರಲಿಲ್ಲ. “ಒಂದು ಮಾಡಿ ನೋಡ್ತೀನಿ” ಎಂಬುದು ಅವರ ಮೊದಲ ಮಾತು. ಆ ಮಾತನ್ನು ತಳ್ಳಿಹಾಕಿದವರಿಗೆ ಎರಡನೆಯ ಮಾತನ್ನು ಹಿಡಿದು ಜಗ್ಗುವ ನೈತಿಕ ಹಕ್ಕಿಲ್ಲ.

“ಟ್ರಸ್ಟಿನದು ದೇವದ್ರವ್ಯ, ಒಂದು ರೂಪಾಯಿಯೂ ಸೋರಬಾರದು.” ನಿಜ. ದೇವದ್ರವ್ಯವು ಪವಿತ್ರವಾದುದರಿಂದಲೇ ಅದರಲ್ಲಿ ಪರರ ಹಣ ಬೆರೆಯಬಾರದು. ಶ್ರಾವಕನ ಗುಣಗಳನ್ನು ಎಣಿಸುವಾಗ ನಮ್ಮ ಗ್ರಂಥಕಾರರು ನ್ಯಾಯದಿಂದ ಗಳಿಸಿದ ಧನವನ್ನು ಮೊಟ್ಟಮೊದಲು ಹೇಳಿದ್ದು ಸುಮ್ಮನೆ ಅಲ್ಲ. ಗೃಹಸ್ಥನ ಪೆಟ್ಟಿಗೆಗೆ ಇರುವ ನಿಯಮ ಬಸದಿಯ ಹುಂಡಿಗೆ ಇಲ್ಲವೇ?

“ದರ ಕಟ್ಟದಿದ್ದರೆ ಇವರು ವರ್ಷಗಟ್ಟಲೆ ಎಳೆಯುತ್ತಾರೆ.” ಇದರಲ್ಲಿ ಸತ್ಯಾಂಶವಿದೆ. ದಿನಗೂಲಿಗೆ ಬಿಟ್ಟ ಕೆಲಸವು ರಬ್ಬರಿನಂತೆ ಹಿಗ್ಗಿದ್ದನ್ನು ನಾನೂ ಕಂಡಿದ್ದೇನೆ. ಆದುದರಿಂದ ಲೆಕ್ಕವೇ ಬೇಡವೆಂದು ನಾನು ಹೇಳುತ್ತಿಲ್ಲ, ಸರಿಯಾದ ಲೆಕ್ಕ ಬೇಕೆಂದು ಹೇಳುತ್ತಿದ್ದೇನೆ. ಇದೇ ಟ್ರಸ್ಟು ಕಾಂಪೌಂಡ್ ಗೋಡೆ ಕಟ್ಟಿಸಿದಾಗ ಪಾಯದಲ್ಲಿ ಬಂಡೆ ಬಂತೆಂದು ಕಂಟ್ರಾಕ್ಟರು ಹೇಳಿದ ಮರುದಿನವೇ ಅಳತೆ ಮಾಡಿಸಿ ‘ಎಕ್ಸ್‌ಟ್ರಾ ಐಟಂ’ ಎಂದು ಹೆಚ್ಚಿನ ಹಣ ಕೊಟ್ಟೆವು. ಮಣ್ಣಿನೊಳಗೆ ಕಾಣದಿದ್ದ ಬಂಡೆಗೆ ಹಣವುಂಟು, ಮರದೊಳಗೆ ಕಾಣದಿದ್ದ ಕಷ್ಟಕ್ಕೆ ಹಣವಿಲ್ಲ. ಭೇದವೇನೆಂದರೆ ಕಂಟ್ರಾಕ್ಟರಿಗೆ ಬಿಲ್ಲು ಬರೆಯುವ ಗುಮಾಸ್ತನಿದ್ದ, ಬಡಗಿಗೆ ಇರಲಿಲ್ಲ.

“ಹೀಗೆ ಕೊಡುತ್ತ ಹೋದರೆ ಕೈಕೆಲಸ ದುಬಾರಿಯಾಗಿ ಯಾರೂ ಮಾಡಿಸುವುದಿಲ್ಲ.” ಈ ಆಕ್ಷೇಪಣೆಯನ್ನು ಗಾಂಧೀಜಿಯವರೂ ಎದುರಿಸಿದ್ದರು. 1935ರಲ್ಲಿ ಅಖಿಲ ಭಾರತ ಚರಖಾ ಸಂಘದಲ್ಲಿ, ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಲ್ಲಬೇಕೆಂದು ಅವರು ಪಟ್ಟುಹಿಡಿದಾಗ, ಖಾದಿ ತುಟ್ಟಿಯಾಗಿ ಮಾರಾಟ ಕುಸಿದೀತೆಂದು ಸಹೋದ್ಯೋಗಿಗಳೇ ಹೆದರಿದರು. ಕೂಲಿ ಏರಿತು. ನೂಲುವವರ ಹಸಿವಿನಿಂದ ಬಂದ ಅಗ್ಗವು ಸೇವೆಯಲ್ಲವೆಂಬುದು ಅವರ ನಿಲುವು. ಖಾದಿಯ ಹಳೆಯ ಕೇಂದ್ರವಾದ ಬದನವಾಳು ನಮ್ಮ ನಂಜನಗೂಡು ತಾಲ್ಲೂಕಿನಲ್ಲಿಯೇ ಇದೆ. ಕೈಕೆಲಸದ ಬದುಕಿಗಾಗಿ 2015ರಲ್ಲಿ ರಂಗಕರ್ಮಿ ಪ್ರಸನ್ನರು ಸತ್ಯಾಗ್ರಹಕ್ಕೆ ಆರಿಸಿಕೊಂಡ ಸ್ಥಳವೂ ಅದೇ. ಆ ಸತ್ಯಾಗ್ರಹದ ಸುದ್ದಿಯನ್ನು ಓದಿ ಮೆಚ್ಚಿದ ನಾವು ನಮ್ಮ ಬಡಗಿಯೊಡನೆ ಚೌಕಾಸಿ ಮಾಡಿದ್ದು ವಿಚಿತ್ರ. ಕೈಕೆಲಸ ಅಳಿಯುತ್ತಿರುವುದು ದುಬಾರಿಯಾದುದರಿಂದ ಮಾತ್ರವಲ್ಲ. ಹೊಸ ಕೆಲಸ ಒಪ್ಪಿಕೊಂಡು ಪೆಟ್ಟು ತಿಂದ ಬಡಗಿಯು ಮಗನಿಗೆ ಉಳಿಯನ್ನು ಕೊಡುವುದಿಲ್ಲ.

ಮಾಡಬೇಕಾದ ಕ್ರಮ

ದೂಷಿಸುವುದು ಸುಲಭ, ದಾರಿ ಹೇಳಬೇಕಾದದ್ದು ಕರ್ತವ್ಯ. ದಾರಿ ಹೊಸದೇನಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಇದರ ಬೀಜವಿದೆ. ಕೂಲಿಯನ್ನು ಮೊದಲು ನಿಗದಿಮಾಡದಿದ್ದಲ್ಲಿ ಕೆಲಸಕ್ಕೂ ಕಾಲಕ್ಕೂ ಅನುಗುಣವಾಗಿ ಕೊಡಬೇಕು; ಕುಶಲಕರ್ಮಿಗಳಿಗೆ ಅದೇ ಬಗೆಯ ಇತರರು ಕೊಡುವಂತೆ ಅಥವಾ ಬಲ್ಲವರು ನಿರ್ಣಯಿಸಿದಂತೆ ಸಲ್ಲಬೇಕು ಎಂಬುದು ಅಲ್ಲಿಯ ತಾತ್ಪರ್ಯ. ಕಠೋರನೆಂದು ಹೆಸರಾದ ಕೌಟಿಲ್ಯನೂ ‘ಬಲ್ಲವರನ್ನು ಕೇಳಿ’ ಎಂದ. ಅಹಿಂಸಾವಾದಿಗಳಾದ ನಾವು ‘ಕಮಿಟಿಗೆ ಅಂಕಿ ಬೇಕು’ ಎಂದೆವು. ನನ್ನ ಸಲಹೆಗಳು ಇವು:

1. ಎಂದೂ ಮಾಡದ ಕೆಲಸಕ್ಕೆ ಮೊದಲು ಒಂದು ಮಾದರಿಯನ್ನು ದಿನಗೂಲಿಯ ಮೇಲೆ ಮಾಡಿಸಬೇಕು. ಒಂದು ಡ್ರಾಯರು, ಒಂದು ಮೂಲೆ, ಒಂದು ಕಂಬ ಯಾವುದಾದರೂ ಆಗಬಹುದು. ಅದಕ್ಕೆ ಹಿಡಿದ ದಿನಗಳನ್ನು ಎಣಿಸಿ ಉಳಿದುದರ ದರ ಕಟ್ಟಬೇಕು. ನಮ್ಮ ಕಪಾಟಿನಲ್ಲಿ ಮಾದರಿಗೆ ತಗಲುತ್ತಿದ್ದುದು 2,500 ರೂಪಾಯಿ. ಸತ್ಯವು ಅಷ್ಟಕ್ಕೆ ದೊರೆಯುತ್ತಿತ್ತು.

2. ಕಂಡ ಭಾಗವನ್ನೂ ಕಾಣದ ಭಾಗವನ್ನೂ ಬೇರ್ಪಡಿಸಬೇಕು. ಚೌಕಟ್ಟಿಗೆ ಗುತ್ತಿಗೆ ಇರಲಿ, ಕೂಡುಗಳ ಕೆಲಸಕ್ಕೆ ದಿನಗೂಲಿ ಇರಲಿ. ದಿನಗೂಲಿಗೆ ಒಂದು ಮಿತಿ ಹಾಕಬೇಕು. ಮಿತಿ ಮುಟ್ಟಿದಾಗ ಕೆಲಸ ನಿಲ್ಲಿಸಿ ಇಬ್ಬರೂ ಕುಳಿತು ಮಾತನಾಡಬೇಕು. ಎಳೆಯುವವರಿಗೂ ಇದೇ ಕಡಿವಾಣ.

3. ಮರ ಯಾರದೋ ಮರದ ದೋಷವೂ ಅವರದು. ಬದಲಾವಣೆ ಯಾರದೋ ಅದರ ಖರ್ಚೂ ಅವರದು. ಪ್ರತಿ ಬದಲಾವಣೆಯನ್ನೂ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ರುಜು ಮಾಡಬೇಕು.

4. ಇಬ್ಬರಿಗೂ ತಿಳಿಯದಿದ್ದುದರಿಂದ ಹೆಚ್ಚಿದ ದಿನಗಳನ್ನು ಅರ್ಧರ್ಧ ಹಂಚಿಕೊಳ್ಳಬೇಕು. ಕಲಿತ ವಿದ್ಯೆ ಬಡಗಿಯ ಕೈಯಲ್ಲಿ ಉಳಿಯುವುದರಿಂದ ಅವರಿಗೂ ಒಂದು ಪಾಲು ಸಲ್ಲುತ್ತದೆ. ಮಾಡಿದ ವಸ್ತು ನಮ್ಮಲ್ಲಿ ಉಳಿಯುವುದರಿಂದ ನಮಗೂ ಸಲ್ಲುತ್ತದೆ.

5. ಕೆಲಸ ಮುಗಿದ ಏಳು ದಿನಗಳೊಳಗೆ ಕೂಲಿ ಚುಕ್ತಾ ಆಗಬೇಕು. ಸಭೆ ಸೇರಲಿಲ್ಲ, ಚೆಕ್ಕಿಗೆ ಎರಡನೆಯ ರುಜು ಇಲ್ಲ ಎಂಬ ಕಾರಣಗಳು ಬಡಗಿಯ ಮನೆಯ ಒಲೆಗೆ ತಿಳಿಯುವುದಿಲ್ಲ.

ಈ ಕ್ರಮವನ್ನು ನಮ್ಮ ಕಪಾಟಿಗೇ ಹಚ್ಚಿ ನೋಡುತ್ತೇನೆ. ಹೆಚ್ಚಿನ ಆರು ಡ್ರಾಯರುಗಳ 15 ದಿನ ನಮ್ಮ ಬದಲಾವಣೆಯಿಂದ, 15,000 ರೂಪಾಯಿ. ಹಸಿ ಮರದಿಂದ ಚೌಕಟ್ಟಿಗೆ ಹೆಚ್ಚಿದ 9 ದಿನ ನಮ್ಮ ಮರದಿಂದ, 9,000 ರೂಪಾಯಿ. ಹದಿನೆಂಟು ಡ್ರಾಯರುಗಳಿಗೆ ತಲಾ ಒಂದರಂತೆ ಹೆಚ್ಚಿದ 18 ದಿನ ಇಬ್ಬರ ಅಜ್ಞಾನದಿಂದ, ಅದರ ಅರ್ಧ 9,000 ರೂಪಾಯಿ. ಅನ್ಯಾಯವಾಗಿ ಮುರಿದುಕೊಂಡದ್ದು 2,000 ರೂಪಾಯಿ. ಒಟ್ಟು 35,000 ರೂಪಾಯಿ. ಇದು ನಮ್ಮ ಟ್ರಸ್ಟು ನರಸೀಪುರದ ಆ ಮನೆಗೆ ಕೊಡಬೇಕಾದ ಸಾಲ. ಬಡ್ಡಿಯ ಮಾತನ್ನು ನಾನು ಆಡುತ್ತಿಲ್ಲ.

ಸಭೆ ಒಪ್ಪಲಿಲ್ಲ. “ಮುಗಿದ ಲೆಕ್ಕವನ್ನು ಏಕೆ ಬಿಚ್ಚಬೇಕು?” ಎಂದಿತು. ನಾನು ನನ್ನ ಸ್ವಂತ ಹಣದಲ್ಲಿ ಅಷ್ಟನ್ನು ತೆಗೆದುಕೊಂಡು ನರಸೀಪುರಕ್ಕೆ ಹೋದೆ. ಅವರು ಕೂರಿಸಿದರು, ಕುಡಿಯಲು ನೀರು ಕೊಟ್ಟರು, ಲಕೋಟೆಯನ್ನು ಮುಟ್ಟಲಿಲ್ಲ.

“ದಾನ ಅಂದ್ರೆ ಬ್ಯಾಡಿ ಯಜಮಾನ್ರೇ. ಕೂಲಿ ಅಂದ್ರೆ ನಿಮ್ಮ ಬುಕ್ಕಿನಲ್ಲಿ ಬರ್ಕೊಂಡು ಕೊಡಿ.”

ನಾನು ಬರಿಗೈಯಲ್ಲಿ ಅಲ್ಲ, ತುಂಬಿದ ಲಕೋಟೆಯೊಡನೆಯೇ ಹಿಂತಿರುಗಿದೆ. ತುಂಬಿದ ಲಕೋಟೆ ಇಷ್ಟು ಭಾರವಾಗಿರಬಲ್ಲದೆಂದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ನಮ್ಮ ಪಾಪವನ್ನು ತೊಳೆದುಕೊಳ್ಳಲು ಅವರನ್ನು ಯಾಚಕರನ್ನಾಗಿ ಮಾಡಲು ಹೊರಟಿದ್ದೆನೆಂಬುದು ದಾರಿಯಲ್ಲಿ ಅರಿವಾಯಿತು. ಅವರು ಕೇಳಿದ್ದು ಹಣವನ್ನಲ್ಲ, ಲೆಕ್ಕದಲ್ಲಿ ಒಂದು ಸಾಲನ್ನು. ‘ದಾನ’ವೆಂಬ ಖಾತೆಯಲ್ಲಿ ಅಲ್ಲ, ‘ಕೊಡಬೇಕಾದ ಕೂಲಿ’ ಎಂಬ ಖಾತೆಯಲ್ಲಿ.

ಧರ್ಮಬಂಧುಗಳೇ, ನಂಜನಗೂಡನ್ನು ಹಾದುಹೋಗುವ ಕಪಿಲೆಯು ನರಸೀಪುರದಲ್ಲಿಯೇ ಕಾವೇರಿಯನ್ನು ಸೇರುತ್ತಾಳೆ. ಇಲ್ಲಿ ನಾವು ಕೈ ತೊಳೆದ ನೀರು ಅವರ ಊರಿಗೇ ಹೋಗುತ್ತದೆ. ಮುಂದಿನ ಶ್ರುತಪಂಚಮಿಯಂದು ಆ ಕಪಾಟಿನ ಡ್ರಾಯರುಗಳನ್ನು ಎಳೆದು ಓಲೆಕಟ್ಟುಗಳನ್ನು ಹೊರತೆಗೆದು ಪೂಜಿಸುತ್ತೇವೆ. ಅದಕ್ಕೆ ಮೊದಲು ನಮ್ಮ ಸಭೆಯು ಆ ಒಂದು ಸಾಲನ್ನು ಬರೆಯಬೇಕು. ಇದನ್ನು ಓದುವ ಪ್ರತಿಯೊಂದು ಟ್ರಸ್ಟಿನವರೂ ಪ್ರತಿಯೊಂದು ಮನೆಯ ಯಜಮಾನರೂ ತಮ್ಮ ಹಳೆಯ ಲೆಕ್ಕದ ಪುಸ್ತಕಗಳನ್ನು ತೆರೆದು, ‘ಉಳಿತಾಯ’ವೆಂದು ಬರೆದ ಸ್ಥಳಗಳಲ್ಲಿ ಒಮ್ಮೆ ನಿಂತು, ಅದು ಯಾರ ಮನೆಯಿಂದ ಉಳಿದದ್ದೆಂದು ಕೇಳಿಕೊಳ್ಳಬೇಕು. ಉತ್ತರ ದೊರೆತರೆ ಬರೆಯುವ ಖಾತೆ ಯಾವುದೆಂದು ನರಸೀಪುರದ ಬಡಗಿಯು ಆಗಲೇ ಹೇಳಿಕೊಟ್ಟಿದ್ದಾರೆ.

ಜೈನಂ ಜಯತು ಶಾಸನಂ.